ಮಳೆಗಾಲದ ಭಯ, ಕ್ರೈಸ್ತ ನಿರೀಕ್ಷೆ ಮತ್ತು ನೆರೆಯವರ ಸೇವೆ

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಯೂ ಕಾಫಿ ತೋಟದ ಬಹುಭಾಗವೂ ಮಣ್ಣಿನಡಿ ಹೋದವು. ಈಗ ಪುನರ್ವಸತಿ ಮನೆಯಲ್ಲಿದ್ದೇವೆ. ಆದರೂ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳ) ಮಳೆ ಬಿರುಸಾದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುವುದಿಲ್ಲ. 2024ರಲ್ಲಿ ಕೇರಳದ ವಯನಾಡಿನ ಭೂಕುಸಿತದ ಸುದ್ದಿ ಕೇಳಿದ ಮೇಲೆ ಇದು ಹೆಚ್ಚಾಗಿದೆ. ಭಯಪಡುವುದು ಅವಿಶ್ವಾಸವೆಂದು ಸಭೆಯಲ್ಲಿ ಕೆಲವರು ಹೇಳುತ್ತಾರೆ. ಆದದ್ದು ದೇವರ ಶಿಕ್ಷೆ ಎಂದವರೂ ಇದ್ದಾರೆ. ನಮ್ಮದು ಕೆಲವೇ ಕುಟುಂಬಗಳ ಸಣ್ಣ ಸಭೆ. ಕಷ್ಟದಲ್ಲಿರುವ ನೆರೆಯವರಿಗೆ ಏನಾದರೂ ಮಾಡೋಣವೆಂದರೆ "ಮೊದಲು ನಮ್ಮವರನ್ನು ನೋಡೋಣ" ಎಂಬ ಉತ್ತರ ಬರುತ್ತದೆ. ಹಿಂದೆ ಅಕ್ಕಿ ಹಂಚಿದಾಗ ಮತಾಂತರಕ್ಕಾಗಿ ಹಂಚುತ್ತಿದ್ದಾರೆಂಬ ಮಾತೂ ಊರಲ್ಲಿ ಹಬ್ಬಿತು. ಇಂಥ ಸ್ಥಿತಿಯಲ್ಲಿ ಕ್ರೈಸ್ತ ನಿರೀಕ್ಷೆ ಎಂದರೇನು? ನಾವು ಏನು ಮಾಡಬಹುದು?

ಉತ್ತರ: ಪ್ರಿಯ ಸಹೋದರಿಯವರೇ, ಶಿಕ್ಷೆಯ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನಿಮ್ಮ ಮನಸ್ಸಿನಲ್ಲಿ ಕುಳಿತಿರುವವರೆಗೆ ಉಳಿದ ಯಾವ ಮಾತೂ ಒಳಗೆ ಇಳಿಯುವುದಿಲ್ಲ. ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ತಮ್ಮ ಕಾಲದ ಒಂದು ದುರಂತವನ್ನು ತಾವಾಗಿಯೇ ಪ್ರಸ್ತಾಪಿಸುತ್ತಾರೆ. ಯೆರೂಸಲೇಮಿನ ಸಿಲೊವಾಮಿನಲ್ಲಿ ಬುರುಜು ಕುಸಿದು 18 ಮಂದಿ ಸತ್ತಿದ್ದರು. ಸತ್ತವರು ಊರಿನ ಉಳಿದೆಲ್ಲರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಅವರು ಕೇಳಿ, ಹಾಗಲ್ಲವೆಂದು ನೇರವಾಗಿ ಉತ್ತರಿಸುತ್ತಾರೆ. ಅಷ್ಟಕ್ಕೇ ನಿಲ್ಲದೆ, ಸತ್ತವರ ಲೆಕ್ಕ ನೋಡುವುದನ್ನು ಬಿಟ್ಟು ನಿಮ್ಮ ಬದುಕನ್ನು ದೇವರ ಕಡೆಗೆ ತಿರುಗಿಸಿಕೊಳ್ಳಿರೆಂದು ಕೇಳುಗರಿಗೇ ಹೇಳುತ್ತಾರೆ. ಆದ್ದರಿಂದ ಮಣ್ಣಿನಡಿ ಮನೆ ಹೋದವರ ಎದುರು ನಿಂತು ಅವರ ಪಾಪವನ್ನು ಅಳೆಯುವ ಅಧಿಕಾರ ಸಭೆಯಲ್ಲಿ ಯಾರಿಗೂ ಇಲ್ಲ. 2018ರಲ್ಲಿ ಕೊಡಗಿನ ಬೆಟ್ಟಗಳು ಜರಿದದ್ದು ವಿಪರೀತ ಮಳೆಯಿಂದ. ರಸ್ತೆ, ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಕಡಿದು ಸಡಿಲಗೊಳಿಸಿದ್ದೂ ಅದಕ್ಕೆ ಸೇರಿತೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಇದರಲ್ಲಿ ಪಶ್ಚಾತ್ತಾಪಕ್ಕೆ ವಿಷಯವಿದೆ, ನಿಜ. ಆದರೆ ಅದು ನಾವೆಲ್ಲರೂ ಕೂಡಿ ನೆಲವನ್ನು ನಡೆಸಿಕೊಂಡ ರೀತಿಗೆ ಸಂಬಂಧಿಸಿದ್ದು, ಒಂದು ಕುಟುಂಬದ ಗುಪ್ತ ಪಾಪಕ್ಕಲ್ಲ.

ಇನ್ನು ಭಯದ ವಿಷಯ. ಒಮ್ಮೆ ನೆಲವೇ ಕಾಲಡಿಯಿಂದ ಸರಿದದ್ದನ್ನು ಕಂಡವರು ಮಳೆಯ ಸದ್ದಿಗೆ ಎಚ್ಚರಗೊಳ್ಳುವುದು ದೇಹ ತನ್ನ ನೆನಪನ್ನು ಕಾಯುವ ರೀತಿ. ಅದಕ್ಕೆ ಅವಿಶ್ವಾಸದ ಹೆಸರಿಡುವುದು ಕ್ರೂರತನ. ಸತ್ಯವೇದದ (ಬೈಬಲಿನ) 46ನೇ ಕೀರ್ತನೆ ದೇವರನ್ನು ಆಶ್ರಯವೆಂದು ಕರೆಯುವುದು, ಭೂಮಿ ಮಾರ್ಪಟ್ಟು ಬೆಟ್ಟಗಳು ಸಮುದ್ರದೊಳಗೆ ಜಾರುವ ಚಿತ್ರವನ್ನು ಎದುರಿಗಿಟ್ಟುಕೊಂಡೇ. ಅಂಥದ್ದು ನಡೆಯುವುದಿಲ್ಲವೆಂಬ ಭರವಸೆ ಅಲ್ಲಿಲ್ಲ, ನಡೆದಾಗಲೂ ದೇವರು ಸಮೀಪದಲ್ಲಿದ್ದಾನೆಂಬ ಭರವಸೆ ಇದೆ. 88ನೇ ಕೀರ್ತನೆಯಂತೂ ಒಂದು ಸಾಂತ್ವನದ ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ನಮ್ಮ ಹಿರಿಯರು ಅದನ್ನು ಸತ್ಯವೇದದಿಂದ ತೆಗೆದುಹಾಕಲಿಲ್ಲ. ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದ ಯೇಸುವೇ ಬೇಥಾನ್ಯದಲ್ಲಿ ಕಣ್ಣೀರು ಸುರಿಸಿದರು, ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ನಡುಗಿದರು. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದು ಅಪೊಸ್ತಲ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದನ್ನು ಕೆಲವರು ದುಃಖಿಸಲೇಬಾರದೆಂದು ಓದುತ್ತಾರೆ. ಪೌಲನು ದುಃಖವನ್ನು ತಡೆದಿಲ್ಲ, ಅದಕ್ಕೊಂದು ಆಧಾರವನ್ನು ಕೊಟ್ಟಿದ್ದಾನೆ. ಆರಾಧನೆಯಲ್ಲಿ ಪ್ರಲಾಪಕ್ಕೆ ಸ್ಥಳ ಕೊಡದ ಸಭೆ, ತನಗೆ ಅರಿವಿಲ್ಲದೆಯೇ, ನೊಂದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ಮಳೆಗಾಲದ ಒಂದು ಭಾನುವಾರ ಕಳೆದುಕೊಂಡವರು ತಮ್ಮ ನಷ್ಟವನ್ನು ಹೇಳಿಕೊಳ್ಳಲು ಅವಕಾಶ ಮಾಡಿಕೊಡಬೇಕೆಂದು ನಿಮ್ಮ ಸಭಾಪಾಲಕರಲ್ಲಿ ಕೇಳಿಕೊಳ್ಳಿ. ಯಾರೂ ಅದಕ್ಕೆ ಉತ್ತರ ಹೇಳುವ ಅಗತ್ಯವಿಲ್ಲ.

ಹಾಗಾದರೆ ನಿರೀಕ್ಷೆ ಎಂದರೇನು? ಇದನ್ನು ಸತ್ಯವೇದದ ಪ್ರವಾದಿ ಯೆರೆಮೀಯನಿಂದ ಕಲಿಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಸುಳ್ಳು ನಿರೀಕ್ಷೆಯನ್ನು ನಿಜದ ನಿರೀಕ್ಷೆಯ ಪಕ್ಕದಲ್ಲಿಟ್ಟು ತೋರಿಸಿದವನು ಅವನು. ಬಾಬೆಲಿನ ಅರಸನು ಯೆರೂಸಲೇಮಿನ ಜನರನ್ನು ಸೆರೆ ಒಯ್ದಾಗ, ಎರಡೇ ವರ್ಷಗಳಲ್ಲಿ ಎಲ್ಲವೂ ಮೊದಲಿನಂತಾಗುವುದೆಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಸಾರಿದನು. ಜನರಿಗೆ ಆ ಮಾತು ಹಿತವಾಗಿತ್ತು; ಆದರೆ ಅದು ದೇವರು ಹೇಳಿಸಿದ ಮಾತಾಗಿರಲಿಲ್ಲ. ಯೆರೆಮೀಯನು ಸೆರೆಯಾದವರಿಗೆ ಪತ್ರ ಬರೆದು, 70 ವರ್ಷ ತಗಲುವುದು, ಆದ್ದರಿಂದ ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಯತ್ನಿಸಿ ಪ್ರಾರ್ಥಿಸಿರಿ ಎಂದು ಹೇಳಿದನು. "ನಿಮ್ಮ ತೋಟ ಬೇಗನೆ ಮೊದಲಿನಂತಾಗುತ್ತದೆ, ನಂಬಿಕೆ ಇಡಿ" ಎಂದು ನಿಮಗೆ ಹೇಳುವವರು ಹನನ್ಯನ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆದರೆ ದಿನಾಂಕ ಕೊಟ್ಟ ಸಾಂತ್ವನ ಆ ದಿನ ದಾಟಿದಾಗ ನಂಬಿಕೆಯನ್ನೂ ಜೊತೆಗೆ ಒಯ್ಯುತ್ತದೆ.

ಅದೇ ಯೆರೆಮೀಯನು ಕೆಲವು ವರ್ಷಗಳ ನಂತರ ಮಾಡಿದ ಕೆಲಸ ಹೊಲ ಕಳೆದುಕೊಂಡ ನಿಮ್ಮಂಥವರಿಗೆ ಇನ್ನಷ್ಟು ಹತ್ತಿರದ್ದು. ಪಟ್ಟಣಕ್ಕೆ ಮುತ್ತಿಗೆ ಬಿದ್ದಿದೆ, ಅದು ಬೀಳುವುದೆಂದು ಸಾರಿದ್ದಕ್ಕೇ ಅವನು ಸೆರೆಯಲ್ಲಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗನು ಬಂದು ಅನಾತೋತಿನಲ್ಲಿರುವ ಹೊಲವನ್ನು ಕೊಂಡುಕೋ ಎನ್ನುತ್ತಾನೆ. ಶತ್ರುವಿನ ಕೈಯಲ್ಲಿರುವ ಹೊಲವನ್ನು ಬುದ್ಧಿಯಿರುವ ಯಾರು ಕೊಳ್ಳುತ್ತಾರೆ? ಆದರೂ ಯೆರೆಮೀಯನು ದೇವರ ಮಾತಿನಂತೆ 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿಗಳ ಮುಂದೆ ಕ್ರಯಪತ್ರ ಮಾಡಿಸಿ, ಅದು ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳು ಮತ್ತೆ ಕ್ರಯವಾಗುವವು ಎಂಬುದೇ ಅದರ ಅರ್ಥ. ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪತ್ರ ಮಾಡಿಸಿದ ಮೇಲೆ ಅವನು ದೇವರ ಮುಂದೆ ಕುಳಿತು, ಪಟ್ಟಣ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಕೊಂಡುಕೋ ಎಂದೆಯಲ್ಲಾ ಎಂದು ಗಲಿಬಿಲಿಯಿಂದ ಪ್ರಾರ್ಥಿಸುತ್ತಾನೆ. ಅಂದರೆ ಮನಸ್ಸು ತಿಳಿಯಾದ ಮೇಲೆ ಅವನು ನಿರೀಕ್ಷೆಯ ಕೆಲಸ ಮಾಡಲಿಲ್ಲ, ಕೆಲಸ ಮಾಡಿ ಆಮೇಲೆ ಮನಸ್ಸಿನ ಪ್ರಶ್ನೆಯನ್ನು ದೇವರ ಬಳಿಗೆ ತಂದನು. ಆ ಹೊಲದ ಬೆಳೆಯನ್ನು ಅವನು ಉಣ್ಣಲೂ ಇಲ್ಲ. ಅವನ ಜನರೇ ಅವನನ್ನು ಐಗುಪ್ತಕ್ಕೆ ಕರೆದೊಯ್ದರು.

ಕ್ರೈಸ್ತರಾದ ನಮಗೆ ಈ ನಿರೀಕ್ಷೆಯ ತಳಹದಿ ಯೇಸುವಿನ ಪುನರುತ್ಥಾನ. ಸತ್ತು ಸಮಾಧಿಯಾದವನನ್ನು ದೇವರು ಎಬ್ಬಿಸಿದನೆಂದ ಮೇಲೆ, ಮಣ್ಣಿನಡಿ ಹೋದದ್ದೇ ಕೊನೆಯ ಮಾತಲ್ಲವೆಂದು ನಾವು ಹೇಳುತ್ತೇವೆ. ಹಾಗೆಂದು ಕಷ್ಟವನ್ನು ಕಣ್ಣುಮುಚ್ಚಿ ದಾಟಿಬಿಡುವುದಕ್ಕೆ ಅದು ದಾರಿಯಲ್ಲ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಇಡೀ ಸೃಷ್ಟಿ ಪ್ರಸವವೇದನೆಯಿಂದ ನರಳುತ್ತಿದೆ, ನಾವೂ ಅದರೊಡನೆ ನರಳುತ್ತೇವೆ ಎಂದಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪುನರುತ್ಥಾನದ ಬಗ್ಗೆ ಸತ್ಯವೇದದಲ್ಲಿರುವ ಅತಿ ದೀರ್ಘವಾದ ವಿವರಣೆ. ಅದು ಮುಗಿಯುವುದು ಸ್ವರ್ಗದ ವರ್ಣನೆಯಿಂದಲ್ಲ. ಕರ್ತನಲ್ಲಿ ನೀವು ಪಡುವ ಪ್ರಯಾಸ ವ್ಯರ್ಥವಲ್ಲವೆಂಬ ಮಾತಿನಿಂದ. ಅದರ ಮರುವಾಕ್ಯವೇ ಯೆರೂಸಲೇಮಿನ ಬಡವರಿಗಾಗಿ ಪ್ರತಿ ವಾರ ಹಣ ಕೂಡಿಸಿಡುವ ಬಗ್ಗೆ. ಪುನರುತ್ಥಾನದಿಂದ ಪರಿಹಾರ ನಿಧಿಗೆ ಪೌಲನಿಗೆ ಒಂದು ಸಾಲಿನ ದೂರವೂ ಇರಲಿಲ್ಲ. ನಿರೀಕ್ಷೆ ಮೊದಲು ಗಟ್ಟಿಯಾಗಲಿ, ಆಮೇಲೆ ಸೇವೆಗೆ ಇಳಿಯುತ್ತೇನೆಂದು ನೀವು ಕಾಯಬೇಕಾಗಿಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ನಿಮ್ಮಂತೆಯೇ ಪ್ರಶ್ನೆ ಕೇಳಿದವರು ಹಿಂದೆಯೂ ಇದ್ದರು. ಇಂದು ಪೋಲೆಂಡಿನಲ್ಲಿರುವ, ಆಗ ಬ್ರೆಸ್ಲಾವು ಎಂದು ಕರೆಯಲಾಗುತ್ತಿದ್ದ ಪಟ್ಟಣದ ಸಭಾಪಾಲಕ ಯೋಹಾನ್ ಹೆಸ್ ಅವರು, ಮಾರಕ ಪಿಡುಗು ಬಂದಾಗ ಕ್ರೈಸ್ತನು ಓಡಿಹೋಗಬಹುದೇ ಎಂದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅವರನ್ನು ಕೇಳಿದ್ದರು. ಲೂಥರ್ ಉತ್ತರ ಬರೆದದ್ದು 1527ರಲ್ಲಿ. ಅದೇ ಬೇಸಿಗೆಯಲ್ಲಿ ಅವರ ವಿಟೆನ್‌ಬರ್ಗ್‌ಗೂ ಪ್ಲೇಗ್ ಬಂದಿತ್ತು. ವಿಶ್ವವಿದ್ಯಾಲಯವನ್ನು ಯೇನಾ ಪಟ್ಟಣಕ್ಕೆ ಸ್ಥಳಾಂತರಿಸಲಾಯಿತು, ಲೂಥರ್ ಅವರಿಗೂ ಹೊರಡುವಂತೆ ಅರಸರಿಂದ ಸೂಚನೆ ಬಂತು. ಅವರೂ ಸಹೋದ್ಯೋಗಿ ಬುಗೆನ್‌ಹಾಗೆನ್ ಅವರೂ ರೋಗಿಗಳ ಬಳಿ ಉಳಿದರು. ಲೂಥರ್ ಅವರ ಮನೆಯೇ ಆಸ್ಪತ್ರೆಯಂತಾಯಿತು. ಪತ್ನಿ ಕಥರೀನಾ ಆಗ ಗರ್ಭಿಣಿ, ಪುಟ್ಟ ಮಗ ಕಾಯಿಲೆ ಬಿದ್ದಿದ್ದನು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗಳು ಎಲಿಜಬೆತ್ ಮರುವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡಳು. ಆ ವರ್ಷ ಲೂಥರ್ ಧೈರ್ಯದಿಂದ ತುಂಬಿದ್ದರೆಂದು ಭಾವಿಸಬೇಡಿ. ಜುಲೈನಲ್ಲಿ ಅವರು ಕುಸಿದುಬಿದ್ದಿದ್ದರು. ಆ ತಿಂಗಳುಗಳಲ್ಲಿ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಮನಸ್ಸಿನ ತೀವ್ರ ಯಾತನೆ, ಹತಾಶೆ ಕಾಣುತ್ತವೆ.

ಅವರ ಉತ್ತರ ವಿವೇಕದಿಂದ ತುಂಬಿದೆ. ಓಡಿಹೋಗುವುದೇ ಪಾಪವೆಂದು ಅವರು ಹೇಳಲಿಲ್ಲ. ಜೀವ ಉಳಿಸಿಕೊಳ್ಳುವ ಆಸೆಯನ್ನು ದೇವರೇ ಇಟ್ಟಿದ್ದಾನೆ, ನೆರೆಯವರನ್ನು ನೋಡಿಕೊಳ್ಳಲು ಬೇರೆಯವರಿದ್ದರೆ ಹೋಗಬಹುದು ಎಂದರು. ಆದರೆ ತಮ್ಮನ್ನು ಅವಲಂಬಿಸಿದವರಿರುವಾಗ ಸಭಾಪಾಲಕರು, ಅಧಿಕಾರಿಗಳು, ವೈದ್ಯರು, ತಂದೆತಾಯಿಗಳು ಅವರನ್ನು ಬಿಟ್ಟು ಹೋಗಬಾರದು. ಔಷಧಿ ತೆಗೆದುಕೊಳ್ಳದೆ, ಎಚ್ಚರಿಕೆ ವಹಿಸದೆ ದೇವರು ಕಾಯುತ್ತಾನೆ ಎನ್ನುವವರನ್ನು ಅವರು ಕಟುವಾಗಿ ತಿದ್ದಿದರು: ಅದು ದೇವರನ್ನು ಪರೀಕ್ಷಿಸುವುದಾಗುತ್ತದೆ. ಮನೆಗೆ ಹೊಗೆ ಹಾಕುತ್ತೇನೆ, ಔಷಧಿ ತೆಗೆದುಕೊಳ್ಳುತ್ತೇನೆ, ನಾನು ಅಗತ್ಯವಿಲ್ಲದ ಕಡೆಗೆ ಹೋಗುವುದಿಲ್ಲ, ಆದರೆ ನೆರೆಯವನಿಗೆ ನಾನು ಬೇಕಾದರೆ ಹಿಂಜರಿಯದೆ ಹೋಗುತ್ತೇನೆ ಎಂಬುದು ಅವರ ನಿಲುವಿನ ಸಾರ. ಇದನ್ನು ನಿಮ್ಮ ಸ್ಥಿತಿಗೆ ತಂದರೆ, ಎಚ್ಚರಿಕೆಯ ಸೂಚನೆ ಬಂದ ರಾತ್ರಿ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗುವುದು ನಂಬಿಕೆಗೆ ವಿರೋಧವಲ್ಲ. ಹೋಗುವಾಗ ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ವೃದ್ಧೆಯ ಬಾಗಿಲು ತಟ್ಟಿ ಜೊತೆಗೆ ಕರೆದೊಯ್ಯುವುದು ಮಾತ್ರ ನಮ್ಮ ಮೇಲಿರುವ ಋಣ.

"ಮೊದಲು ನಮ್ಮವರು" ಎನ್ನುವವರು ಗಲಾತ್ಯದವರಿಗೆ ಬರೆದ ಪತ್ರದ ವಾಕ್ಯವನ್ನೇ ಎತ್ತಿ ತೋರಿಸಬಹುದು: ಎಲ್ಲರಿಗೂ ಒಳ್ಳೆಯದನ್ನು ಮಾಡಿರಿ, ಮುಖ್ಯವಾಗಿ ಒಂದೇ ನಂಬಿಕೆಯ ಮನೆತನದವರಿಗೆ. ಈ ವಾಕ್ಯವನ್ನು ತಳ್ಳಿಹಾಕುವಂತಿಲ್ಲ. ಸಭೆಯ ವಿಧವೆ ಹಸಿದಿರುವಾಗ ಊರಿಗೆ ಅನ್ನ ಹಾಕುವುದು ಸರಿಯಲ್ಲ. ಆದರೆ "ಎಲ್ಲರಿಗೂ" ಎಂಬುದು ಅದೇ ವಾಕ್ಯದಲ್ಲಿ ಮೊದಲು ಬಂದಿದೆ. ಮೂರನೇ ಶತಮಾನದ ನಡುವಿನಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ಭೀಕರ ಸಾಂಕ್ರಾಮಿಕ ಹರಡಿದಾಗ ಬಿಷಪ್ ಸಿಪ್ರಿಯನ್ ತಮ್ಮ ಜನರನ್ನು ಕೂಡಿಸಿ, ನಮ್ಮವರನ್ನು ಮಾತ್ರ ಪ್ರೀತಿಸುವುದರಲ್ಲಿ ವಿಶೇಷವೇನೂ ಇಲ್ಲ, ಶತ್ರುಗಳಿಗೂ ಒಳ್ಳೆಯದನ್ನು ಮಾಡುವವನೇ ಪರಿಪೂರ್ಣನು ಎಂದು ಬೋಧಿಸಿದರೆಂದು ಅವರ ಜೀವನವನ್ನು ಬರೆದ ಪೊಂಟಿಯಸ್ ದಾಖಲಿಸಿದ್ದಾರೆ. ಆ ಕಾಲವನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು: 250ರಲ್ಲಿ ಚಕ್ರವರ್ತಿ ಡೀಸಿಯಸನ ಆಜ್ಞೆಯಿಂದ ಕ್ರೈಸ್ತರು ಹಿಂಸೆಗೆ ಗುರಿಯಾಗಿದ್ದರು, ಅವರನ್ನು ಹಿಡಿದುಕೊಟ್ಟವರೂ ಅದೇ ಊರಿನಲ್ಲಿದ್ದರು. ಹಾಗಿದ್ದೂ ಹಣವುಳ್ಳವರು ಹಣದಿಂದ, ಇಲ್ಲದವರು ದುಡಿಮೆಯಿಂದ ಆ ಸೇವೆಯಲ್ಲಿ ಪಾಲುಗೊಂಡರು.

ಕೊಡಗಿನಲ್ಲಿ ನಿಮ್ಮ ನೆರೆಯವರು ಯಾರೆಂದು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಒಂದು ಮಾತು: ತೋಟದ ಲೈನ್ ಮನೆಗಳಲ್ಲಿರುವ ಯರವರು, ಜೇನುಕುರುಬರು, ಅಸ್ಸಾಂ ಮತ್ತು ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರು ಪರಿಹಾರದ ಪಟ್ಟಿಗಳಲ್ಲಿ ಸುಲಭವಾಗಿ ಬಿಟ್ಟುಹೋಗುತ್ತಾರೆ. ಜಾಗಕ್ಕೆ ಪಹಣಿ ಇಲ್ಲದವನು ಕಳೆದುಕೊಂಡ ಮನೆಯನ್ನು ಕಾಗದದಲ್ಲಿ ತೋರಿಸುವುದು ಕಷ್ಟ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಗ್ರೀಕ್ ಮಾತಾಡುವ ವಿಧವೆಯರು ದಿನದ ಊಟದ ಹಂಚಿಕೆಯಲ್ಲಿ ಬಿಟ್ಟುಹೋಗುತ್ತಿದ್ದಾರೆಂಬ ದೂರು ಬಂದಾಗ ಅಪೊಸ್ತಲರು ಅದನ್ನು ಗೊಣಗಾಟವೆಂದು ಬದಿಗಿಡದೆ ಏಳು ಮಂದಿಯನ್ನು ಅದಕ್ಕೆಂದೇ ನೇಮಿಸಿದರು. ಬಿಟ್ಟುಹೋದವರನ್ನು ಹುಡುಕುವುದು ಸಭೆಯ ಅತ್ಯಂತ ಹಳೆಯ ಕೆಲಸಗಳಲ್ಲೊಂದು.

ಮತಾಂತರದ ಅನುಮಾನ ನಿಮ್ಮನ್ನು ನೋಯಿಸಿದೆ. ಆ ಅನುಮಾನವೆಲ್ಲ ದ್ವೇಷದಿಂದಲೇ ಹುಟ್ಟಿತೆಂದು ಹೇಳಿ ಮುಗಿಸಿಬಿಡುವುದು ಪ್ರಾಮಾಣಿಕವಲ್ಲ. 1876ರಿಂದ 78ರವರೆಗಿನ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಲಕ್ಷಾಂತರ ಜನರನ್ನು ಕಳೆದುಕೊಂಡಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಆಗ ಮಿಷನ್‌ಗಳು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟವು. ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ ಮಿಷನ್ನಿನವರ ಅನಾಥಾಲಯಗಳಿದ್ದವು. ಆ ಆಶ್ರಯ ಇಲ್ಲದಿದ್ದರೆ ಎಷ್ಟೋ ಮಕ್ಕಳು ಬದುಕುತ್ತಿರಲಿಲ್ಲ ಎಂಬುದು ಸತ್ಯ. ಅಲ್ಲಿ ಬೆಳೆದ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು ಎಂಬುದೂ ಸತ್ಯ. ಹಸಿವಿನ ಕಾಲದಲ್ಲಿ ಆದ ಆಯ್ಕೆ ಎಷ್ಟರಮಟ್ಟಿಗೆ ಆಯ್ಕೆ ಎಂದು ನೆರೆಯವರು ಕೇಳಿದರೆ ನಾವು ಆ ಪ್ರಶ್ನೆಯನ್ನು ಗೌರವದಿಂದಲೇ ಕೇಳಿಸಿಕೊಳ್ಳಬೇಕು. ಲೂಕನ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನು ಗಾಯಗೊಂಡವನಿಗೆ ಎಣ್ಣೆ, ದ್ರಾಕ್ಷಾರಸ ಹಚ್ಚಿ ಕಟ್ಟಿ, ಛತ್ರಕ್ಕೆ ಮುಟ್ಟಿಸಿ, ಮುಂದಿನ ಖರ್ಚಿಗೂ ಹಣವಿಟ್ಟು ತನ್ನ ದಾರಿ ಹಿಡಿದನು; ಅವನಿಂದ ಏನನ್ನೂ ಕೇಳಲಿಲ್ಲ. ನಮ್ಮ ನಂಬಿಕೆಯನ್ನು ನಾವು ಬಚ್ಚಿಡಬೇಕಾಗಿಲ್ಲ, ಕೇಳಿದವರಿಗೆ ಹೇಳಲು ನಾಚಬೇಕಾಗಿಯೂ ಇಲ್ಲ. ಆದರೆ ಅಕ್ಕಿ ಚೀಲದ ಜೊತೆ ಕರಪತ್ರ ಇಡಬಾರದು, ಪಡೆದವರನ್ನು ಆರಾಧನೆಗೆ ಕರೆಯಬಾರದು, ಕೈಚಾಚಿ ನಿಂತವರ ಫೋಟೋ ತೆಗೆದು ಹಂಚಬಾರದು. ಹಸಿದವನ ಅಗತ್ಯವನ್ನು ಬಳಸಿಕೊಳ್ಳುವುದು ಸುವಾರ್ತೆಗೇ ಅವಮಾನ.

ಇನ್ನೊಂದು ದಾರಿ ನಿಮ್ಮದೇ ಹೆಸರಿನಲ್ಲಿ ಹಂಚುವುದನ್ನು ಬಿಟ್ಟು, ಗ್ರಾಮ ಪಂಚಾಯಿತಿ, ದೇವಸ್ಥಾನದ ಸಮಿತಿ, ಮಸೀದಿಯವರೊಡನೆ ಕೂಡಿ ಹಂಚುವುದು. ಹೆಸರು ಬರದಿದ್ದರೆ ನಷ್ಟವೇನೂ ಇಲ್ಲ. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂದು ಕಲಿಸಿದವರ ಶಿಷ್ಯರು ನಾವು. ಲೆಕ್ಕವನ್ನು ಮಾತ್ರ ಎಲ್ಲರ ಮುಂದೆ ಇಡಿ. ಯೂದಾಯದ ಬಡವರಿಗೆ ಹಣ ಒಯ್ಯುವಾಗ ಪೌಲನು ಒಬ್ಬನೇ ಒಯ್ಯಲಿಲ್ಲ, ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡನು; ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಗೌರವವಾಗಿರುವುದನ್ನು ಯೋಚಿಸುತ್ತೇವೆ ಎಂದು ಎರಡನೇ ಕೊರಿಂಥ 8ನೇ ಅಧ್ಯಾಯದಲ್ಲಿ ಕಾರಣವನ್ನೂ ಬರೆದನು. ಏನು ಬಂತು, ಏನು ಹೋಯಿತು ಎಂಬ ಒಂದು ಹಾಳೆಯನ್ನು ಸಭೆಯ ಬಾಗಿಲಿಗೆ ಅಂಟಿಸಿದರೆ ಅರ್ಧ ಅನುಮಾನ ಅಲ್ಲಿಗೇ ನಿಲ್ಲುತ್ತದೆ.

ಸಣ್ಣ ಸಭೆ ಏನು ಮಾಡಬಲ್ಲದು? ಅಕ್ಕಿ, ಹೊದಿಕೆಗಳು ಮೊದಲ ವಾರದಲ್ಲಿ ಎಲ್ಲ ಕಡೆಯಿಂದ ಬರುತ್ತವೆ, ಕೆಲವೊಮ್ಮೆ ಬೇಕಾದದ್ದಕ್ಕಿಂತ ಹೆಚ್ಚಾಗಿ. ಕೊರತೆ ಕಾಣುವುದು ಆಮೇಲೆ. 2018ರ ನಂತರ ಕರ್ಣಂಗೇರಿ, ಜಂಬೂರು, ಮದೆನಾಡುಗಳಲ್ಲಿ ಮನೆಗಳೇನೋ ಎದ್ದವು. ಆದರೆ ಹೊಸ ಊರಿನಲ್ಲಿ ಕೆಲಸ, ಶಾಲೆ, ಹಳೆಯ ನೆರೆಹೊರೆಯ ಒಡನಾಟ ಇವನ್ನೆಲ್ಲ ಮತ್ತೆ ಕಟ್ಟಿಕೊಳ್ಳುವುದಕ್ಕೆ ವರ್ಷಗಳು ಬೇಕೆಂದು ಪುನರ್ವಸತಿ ಮನೆಯಲ್ಲಿರುವ ನಿಮಗೆ ಗೊತ್ತಿದೆ. ಆ ವರ್ಷಗಳೇ ಸಣ್ಣ ಸಭೆಗೆ ಹೊಂದುವ ಕೆಲಸ. ನಿಮ್ಮಲ್ಲಿ ಓದುಬರಹ ಬಲ್ಲ ಇಬ್ಬರು ತಿಂಗಳಿಗೊಂದು ದಿನ ಕುಳಿತು ಆಧಾರ್, ಪಡಿತರ ಚೀಟಿ, ಪರಿಹಾರದ ಅರ್ಜಿಗಳನ್ನು ಬರೆದುಕೊಡಲಿ, ಬೇಕಾದರೆ ತಾಲ್ಲೂಕು ಕಚೇರಿಗೆ ಜೊತೆಗೂ ಹೋಗಲಿ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ, ನಿಮ್ಮ ಬೀದಿಯಲ್ಲಿ ನಡೆಯಲಾಗದವರು, ಗರ್ಭಿಣಿಯರು, ಡಯಾಲಿಸಿಸ್ ಅಥವಾ ಇನ್ಸುಲಿನ್ ಬೇಕಾದವರು ಯಾರೆಂದು ಜಾತಿಮತ ನೋಡದೆ ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಬ್ಬೊಬ್ಬರು ಹೊಣೆಯಾಗಿರಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆ ಎಲ್ಲರ ಮನೆಯ ಗೋಡೆಯ ಮೇಲಿರಲಿ. ನೆರೆ ಇಳಿದ ಮೇಲೆ ಇಲಿಜ್ವರದ ಅಪಾಯವಿರುವುದರಿಂದ ಕೆಸರಿನಲ್ಲಿ ಕೆಲಸ ಮಾಡಿ ಜ್ವರ ಬಂದವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಇದು ಚಿಕ್ಕದೆಂದು ಅನಿಸಬಹುದು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ್ದು ಹೋಮಿಯೋಪಥಿ ಔಷಧಿ ಕೊಡುವ ಒಂದು ಪುಟ್ಟ ಕೇಂದ್ರವನ್ನು. ಹತ್ತು ವರ್ಷಗಳ ನಂತರ ಕುಷ್ಠರೋಗಿಗಳಿಗೆ ಆಶ್ರಯ ಸೇರಿತು. 1910ರಲ್ಲಿ ಅವರು ತೀರಿಕೊಂಡ ಮೇಲೂ ಬೆಳೆಯುತ್ತಾ ಹೋದ ಆ ಕೆಲಸ ಇಂದು ದೊಡ್ಡ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯಾಗಿದೆ. ನಿಮ್ಮ ಕೆಲಸ ಹಾಗೆ ಬೆಳೆಯಲೇಬೇಕೆಂದು ನಾನು ಹೇಳುವುದಿಲ್ಲ. ಒಬ್ಬರು ಒಂದು ಕಡೆ ಬಿಡದೆ ಉಳಿದದ್ದರ ಬೆಲೆಯನ್ನು ಮಾತ್ರ ತೋರಿಸುತ್ತಿದ್ದೇನೆ.

ಕೊನೆಯದಾಗಿ ನಿಮ್ಮ ನಿದ್ದೆಯ ವಿಷಯ. ಸೇವೆ ಮಾಡುತ್ತಾ ಹೋದರೆ ಭಯ ತಾನಾಗಿ ಹೋಗುತ್ತದೆಂದು ನಾನು ಹೇಳಲಾರೆ. ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಇಲ್ಲ. ವರ್ಷವರ್ಷವೂ ಮಳೆಯ ರಾತ್ರಿಗಳು ಹೀಗೆಯೇ ಇದ್ದರೆ, ಎದೆ ಬಡಿತ, ಆ ದಿನದ ದೃಶ್ಯಗಳು ಮತ್ತೆ ಮತ್ತೆ ಕಣ್ಣಮುಂದೆ ಬರುವುದು ಇದ್ದರೆ, ಅದಕ್ಕೆ ಚಿಕಿತ್ಸೆಯಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಮನೋವೈದ್ಯರನ್ನು ಕೇಳಿರಿ. ಔಷಧಿಯನ್ನು ನಿರಾಕರಿಸುವುದು ದೇವರನ್ನು ಪರೀಕ್ಷಿಸಿದಂತೆ ಎಂದು ಲೂಥರ್ ಬರೆದದ್ದು ಮನಸ್ಸಿನ ಗಾಯಕ್ಕೂ ಅನ್ವಯಿಸುತ್ತದೆ. ಜೂನ್ ಬರುವ ಮೊದಲೇ ಆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಸಭೆಯ ಒಬ್ಬ ಸಹೋದರಿಯನ್ನು ಜೊತೆಗೆ ಕರೆದುಕೊಂಡು ಹೋಗಿ.